ಹಳೇ ಲಾವಾದ ಮೇಲೆ ಹೊಸ ಸೀಸ್ಮೋಮೀಟರ್: ಹಾಸನದಿಂದ ಕೆಮ್ಮಣ್ಣುಗುಂಡಿಯವರೆಗೆ

ನನ್ನ ಅಕ್ಕನ ಮಗಳ ಕೆಲಸ ಜ್ವಾಲಾಮುಖಿಯ ಕಂಪನಗಳನ್ನು ಓದುವುದು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಮೆರಾಪಿ ಅಂತ ಒಂದು ಬೆಟ್ಟವಿದೆ. ಅದರ ಸುತ್ತ ನೆಟ್ಟಿರುವ ಯಂತ್ರಗಳಿಂದ ಬರುವ ಗೆರೆಗಳ ಮೇಲೆ ಅವಳ ಸಂಶೋಧನೆ. ಈ ಸಲ ರಜೆಗೆ ಹಾಸನಕ್ಕೆ ಬಂದಾಗ ಬ್ಯಾಗಿನಲ್ಲಿ ನೆಲದ ಕಂಪನ ಅಳೆಯುವ ಒಂದು ಸಣ್ಣ ಸೀಸ್ಮೋಮೀಟರ್ ಇತ್ತು. ಇದನ್ನು ನಮ್ಮ ಕಡೆಯ ಕಲ್ಲಿನ ಮೇಲೂ ಇಟ್ಟು ನೋಡಬೇಕು ಅಂತ ಅವಳಿಗೆ ಆಸೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನನಗೂ ಆಸೆ. ದೀಪಾವಳಿ ಮುಗಿದ ಮೇಲೆ ಇಬ್ಬರೂ ಕಾರು ಹತ್ತಿದೆವು.

ಮೊದಲ ದಿನ: ಹಳೇಬೀಡು, ಕಳಸಾಪುರ

ಹೊರಡುವ ಮೊದಲು ಯಂತ್ರವನ್ನು ನಮ್ಮ ಹಿತ್ತಲಲ್ಲೇ ಇಟ್ಟು ನೋಡಿದೆವು. ಒಂದು ಕೈಯಲ್ಲಿ ಹಿಡಿಯಬಹುದಾದ ಡಬ್ಬಿ. ಒಳಗೆ ಒಂದು ಅಯಸ್ಕಾಂತ, ಸ್ಪ್ರಿಂಗಿಗೆ ತೂಗುಬಿಟ್ಟ ಒಂದು ತಂತಿಯ ಸುರುಳಿ. ನೆಲ ಅಲುಗಿದರೆ ಡಬ್ಬಿಯೂ ಅಲುಗುತ್ತದೆ. ಸುರುಳಿ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಆಗ ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಅದನ್ನು ಸೆಕೆಂಡಿಗೆ 100 ಸಲ ಅಳೆದು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ನಾನು ಪ್ರತಿ ವರ್ಷ ಹತ್ತನೇ ತರಗತಿಗೆ ಮಾಡುವ ಪಾಠ ಇದೇ. ಆದರೆ ನಮ್ಮ ಹಿತ್ತಲಿನ ನೆಲ ಪರದೆಯ ಮೇಲೆ ಗೆರೆಯಾಗಿ ಓಡುವುದನ್ನು ನೋಡಿದಾಗ ಮೈ ಜುಮ್ ಅಂದಿತು.

ಸುಮ್ನೆ ಇರುವ ನೆಲ ಅಂತ ಯಾವುದೂ ಇಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿಯ ಲಾರಿಗಳು ಅಲ್ಲಿಂದಲೇ ಕಂಡವು. ಪಕ್ಕದ ಮನೆಯವರು ಮೆಟ್ಟಿಲು ಇಳಿದದ್ದೂ ಕಂಡಿತು.

"ಹೊಸ ಬೆಟ್ಟಕ್ಕೆ ಹೋದ ಕೂಡಲೇ ಭೂಕಂಪ ಹುಡುಕೋದಲ್ಲ ಚಿಕ್ಕಮ್ಮ," ಅಂದಳು. "ಮೊದಲು ಆ ಜಾಗದ ದಿನನಿತ್ಯದ ಸದ್ದು ಗೊತ್ತಾಗಬೇಕು. ಗಾಳಿ, ಮಳೆ, ದನ, ಬೆಟ್ಟ ಹತ್ತೋ ಜನ ಎಲ್ಲಾ ಗೆರೆ ಎಳೀತಾರೆ. ಅದು ಗೊತ್ತಿಲ್ಲದಿದ್ರೆ, ಇವತ್ತು ಬೆಟ್ಟ ಬದಲಾಗಿದೆ ಅಂತ ಹೇಗೆ ಹೇಳೋದು?"

ಈ ಮಾತು ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಉಳಿಯಿತು. ಜ್ವಾಲಾಮುಖಿ ಅಂದರೆ ನಮಗೆ ಬೆಂಕಿ, ಹೊಗೆ, ಟಿವಿಯ ದೃಶ್ಯ ಅಷ್ಟೇ. ಬೆಟ್ಟ ಮಲಗಿದ್ದಾಗಲೂ ವರ್ಷಗಟ್ಟಲೆ ಕಿವಿಗೊಟ್ಟು ಕೂರುವವರು ಇದ್ದಾರೆ ಅನ್ನುವುದು ನೆನಪಿಗೇ ಬರುವುದಿಲ್ಲ. ಇದು ಹಳೇ ಕೆಲಸ. ಇಟಲಿಯ ವೆಸೂವಿಯಸ್ ಬೆಟ್ಟದಲ್ಲಿ 1841ರಲ್ಲೇ ಒಂದು ವೀಕ್ಷಣಾಲಯ ಕಟ್ಟಿದರು. 1856ರಲ್ಲಿ ಲುಯಿಜಿ ಪಾಲ್ಮಿಯೇರಿ ವಿದ್ಯುತ್ತಿನಿಂದ ನಡೆಯುವ ಭೂಕಂಪ ಯಂತ್ರ ಮಾಡಿದರು. ಜಪಾನಿನ ಉಸು ಬೆಟ್ಟ 1910ರಲ್ಲಿ ಸಿಡಿದಾಗ ಫುಸಾಕಿಚಿ ಓಮೋರಿ ಯಂತ್ರ ಹೊತ್ತುಕೊಂಡು ಅಲ್ಲಿಗೇ ಹೋದರು. ಮರುವರ್ಷ ಅಸಾಮಾ ಬೆಟ್ಟದಲ್ಲಿ ಜಪಾನಿನ ಮೊದಲ ಜ್ವಾಲಾಮುಖಿ ವೀಕ್ಷಣಾಲಯ ಶುರುವಾಯಿತು.

ಹಳೇಬೀಡಿನಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಹೊಯ್ಸಳೇಶ್ವರ ದೇವಸ್ಥಾನಕ್ಕೆ ಒಂದು ಸುತ್ತು ಬಂದೆವು. ಈ ಸಲ ಶಿಲ್ಪಕ್ಕಿಂತ ಕಲ್ಲನ್ನೇ ನೋಡಿದೆ. ಬಳಪದ ಕಲ್ಲು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಮೆಗ್ನೀಷಿಯಂ ತುಂಬಿದ ಅಗ್ನಿಶಿಲೆ ನೆಲದಾಳದ ಬಿಸಿ, ಒತ್ತಡ, ನೀರಿಗೆ ಸಿಕ್ಕಿ ಮಾರ್ಪಟ್ಟಾಗ ಇಂಥ ಕಲ್ಲು ಆಗುತ್ತದೆ. ಶಿಲ್ಪಿಗಳ ಕೈಗೆ ಸಿಗುವ ಎಷ್ಟೋ ಕಾಲದ ಹಿಂದೆ ಅದು ಕರಗಿದ ಕಲ್ಲಾಗಿತ್ತು.

ನನಗೆ ನಿಜವಾಗಿ ನೋಡಬೇಕಾಗಿದ್ದದ್ದು ಕಳಸಾಪುರ. ಹಳೇಬೀಡಿನಿಂದ ಚಿಕ್ಕಮಗಳೂರಿನ ಕಡೆಗೆ ಹೋಗುವಾಗ ಸಿಗುವ ಊರು. ಸುತ್ತ ರಾಗಿ ಹೊಲ, ತೆಂಗು, ಒಣ ಗುಡ್ಡ. ಭೂವಿಜ್ಞಾನಿಗಳಿಗೆ ಈ ಊರಿನ ಹೆಸರು ಚೆನ್ನಾಗಿ ಗೊತ್ತು. ಬಾಬಾಬುಡನ್ ಸಾಲಿನ ಹಳೇ ಲಾವಾ ಪದರವೊಂದಕ್ಕೆ ಇದೇ ಊರಿನ ಹೆಸರಿಟ್ಟಿದ್ದಾರೆ. ಮೇಲಿನ ಪದರಗಳಿಗೆ ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಹೆಸರುಗಳಿವೆ. ನಾವು ಬಸ್ ಬೋರ್ಡಿನಲ್ಲಿ ಓದುವ ಊರುಗಳೇ!

ಹೊಲದ ಬದುವಿನ ಮೇಲೆ ಕಪ್ಪು ಹಸಿರು ಬಣ್ಣದ ಒಂದು ಬಂಡೆ ಸಿಕ್ಕಿತು. ಮೈತುಂಬ ಬಿಳಿ ಚುಕ್ಕೆ. ಅವು ಒಂದು ಕಾಲದಲ್ಲಿ ಗುಳ್ಳೆಗಳು. ಲಾವಾ ಹರಿಯುತ್ತಿದ್ದಾಗ ಒಳಗಿದ್ದ ಅನಿಲ ಗುಳ್ಳೆಯಾಗಿ ಮೇಲೆ ಬಂತು. ಅಷ್ಟರಲ್ಲಿ ಲಾವಾ ಗಟ್ಟಿಯಾಯಿತು. ಆಮೇಲೆ ಆ ತೂತುಗಳಲ್ಲಿ ಬೇರೆ ಖನಿಜಗಳು ಬಂದು ತುಂಬಿಕೊಂಡವು. ಈ ಸಾಲಿನ ಲಾವಾಗಳ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ನಮ್ಮ ಉತ್ತರ ಕರ್ನಾಟಕದ ಕಪ್ಪು ಕಲ್ಲು ಡೆಕ್ಕನ್ ಲಾವಾದ್ದು. ಅದಕ್ಕೆ ಆರೂವರೆ ಕೋಟಿ ವರ್ಷದ ಆಸುಪಾಸು. ಅದರ ಮುಂದೆ ಕಳಸಾಪುರದ್ದು ಎಷ್ಟು ಹಳತು ನೋಡಿ.

ಅಕ್ಕನ ಮಗಳು ಗುಳ್ಳೆಯ ಮೇಲೆ ಬೆರಳಿಟ್ಟಳು. "ನನ್ನ ಕೆಲಸವೆಲ್ಲ ಇದರದ್ದೇ," ಅಂದಳು. ಜ್ವಾಲಾಮುಖಿ ಸಿಡಿಯುವುದು ಮುಖ್ಯವಾಗಿ ಅನಿಲದ ಬಲದಿಂದ. ಶಿಲಾಪಾಕ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಕರಗಿದ್ದ ಅನಿಲ ಗುಳ್ಳೆಯಾಗಿ ಹೊರಬರುತ್ತದೆ. ಬಿರುಕುಗಳಲ್ಲಿ ಈ ಅನಿಲ, ಹಬೆ, ಶಿಲಾಪಾಕ ನುಗ್ಗಿದಾಗ ಬಿರುಕಿನ ಗೋಡೆಗಳೇ ಗುಂಯ್‌ಗುಡುತ್ತವೆ. ಮನೆಯಲ್ಲಿ ನಲ್ಲಿಯನ್ನು ತಟ್ಟನೆ ನಿಲ್ಲಿಸಿದರೆ ಗೋಡೆಯೊಳಗಿನ ಪೈಪು ಸದ್ದು ಮಾಡುತ್ತದಲ್ಲ, ಹಾಗೆ. ಇವಕ್ಕೆ ಲಾಂಗ್ ಪೀರಿಯಡ್ ಕಂಪನ ಅನ್ನುತ್ತಾರೆ. ಸೆಕೆಂಡಿಗೆ ಅರ್ಧದಿಂದ ಐದು ಸಲದಷ್ಟು ನಿಧಾನವಾದ ಅಲೆ. ಶುರು ಎಲ್ಲಿ ಅಂತ ಗೆರೆಯಲ್ಲಿ ಸರಿಯಾಗಿ ಗುರುತಿಸಲು ಆಗುವುದಿಲ್ಲ, ಮೆಲ್ಲಗೆ ಎದ್ದು ಮೆಲ್ಲಗೆ ಇಳಿಯುತ್ತದೆ. ಮಾಮೂಲಿ ಭೂಕಂಪ ಹಾಗಲ್ಲ. ಅಲ್ಲಿ ಬಂಡೆ ಒಡೆಯುತ್ತದೆ. ಗೆರೆ ಚುರುಕಾಗಿ ಏಳುತ್ತದೆ.

ರಾತ್ರಿ ಚಿಕ್ಕಮಗಳೂರು ದಾಟಿ, ಗಿರಿ ದಾರಿಯಲ್ಲಿ ನೆಂಟರ ಕಾಫಿ ತೋಟದ ಮನೆ ಸೇರಿದೆವು.

ಎರಡನೇ ದಿನ: ಮುಳ್ಳಯ್ಯನಗಿರಿ

ಬೆಳಿಗ್ಗೆ ಬೇಗ ಹೊರಟೆವು. ಕೈಮರ ದಾಟಿ, ಘಾಟಿ ಹತ್ತಿ, ಕಾರು ನಿಲ್ಲಿಸಿ ಮೆಟ್ಟಿಲು ಹಿಡಿದೆವು. 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಯಂತ್ರವನ್ನು ಒಂದು ಬಂಡೆಯ ಮರೆಯಲ್ಲಿಟ್ಟರೂ ಪರದೆ ಪೂರ್ತಿ ಗಾಳಿಯ ಗೀಚು. ಇದಕ್ಕೇ ವೀಕ್ಷಣಾಲಯದವರು ಸೀಸ್ಮೋಮೀಟರನ್ನು ನೆಲದೊಳಗೆ ಹೂತಿಡುವುದು.

ಪಕ್ಕದಲ್ಲಿ ಬಂದು ನಿಂತ ಜೀಪ್ ಡ್ರೈವರ್ ಒಬ್ಬರು ಲ್ಯಾಪ್‌ಟಾಪ್ ನೋಡಿ ಕೇಳಿದರು: "ಮೇಡಂ, ಇದು ಹಳೇ ಜ್ವಾಲಾಮುಖಿ ಅಂತಾರಲ್ಲ, ನಿಜಾನಾ? ನಾವು ಟೂರಿಸ್ಟ್‌ಗಳಿಗೆ ಹಾಗೇ ಹೇಳ್ತೀವಿ." ಕೈಚಾಚಿ ಸಾಲನ್ನು ತೋರಿಸಿದರು. ಮೇಲಿನಿಂದ ನೋಡಿದರೆ ಅವರಿಗೆ ಹಾಗನ್ನಿಸುವುದರಲ್ಲಿ ತಪ್ಪೇನಿಲ್ಲ. ಚಂದ್ರದ್ರೋಣ ಸಾಲು ಬಾಗಿಕೊಂಡು, ನಡುವೆ ಜಾಗರ ಕಣಿವೆಯನ್ನು ಸುತ್ತುವರಿದಿದೆ. ದೊಡ್ಡದೊಂದು ಬಾಯಿಯ ಅಂಚಿನ ಮೇಲೆ ನಿಂತ ಹಾಗೆಯೇ ಕಾಣುತ್ತದೆ.

ಉತ್ತರ ಕೊಡಲು ಅವಳು ಕೀಚೈನಿನ ಅಯಸ್ಕಾಂತ ತೆಗೆದು ಬಂಡೆಗೆ ಹಚ್ಚಿದಳು. ಕಚ್ಚಿಕೊಂಡಿತು. ಶಿಖರದ ಕಲ್ಲು ಲಾವಾ ಅಲ್ಲ. ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲು. ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಸಿಲಿಕಾ. ಇದು ಪುರಾತನ ಸಮುದ್ರದ ತಳದಲ್ಲಿ, ನೀರಿನಲ್ಲಿ ಕರಗಿದ್ದ ಕಬ್ಬಿಣ ಕೆಳಗಿಳಿದು ಆದದ್ದು. ಕರ್ನಾಟಕದ ನೆತ್ತಿಯ ಮೇಲೆ ನಾವು ನಿಂತಿದ್ದದ್ದು ಕಡಲ ತಳದ ಕಲ್ಲಿನ ಮೇಲೆ. ಲಾವಾ ಅದರ ಕೆಳಗಿನ ಪದರಗಳಲ್ಲಿದೆ. ಎಲ್ಲ ಪದರಗಳೂ ಒಟ್ಟಿಗೆ ಮಡಿಚಿಕೊಂಡವು. ಮೆತ್ತಗಿನದು ಸವೆಯಿತು, ಗಟ್ಟಿ ಕಬ್ಬಿಣದ ಪಟ್ಟೆ ಬಾಗಿದ ಸಾಲಾಗಿ ಉಳಿಯಿತು. ಇದು ಜ್ವಾಲಾಮುಖಿಯ ಬಾಯಿ ಅಲ್ಲ.

"ಹಾಗಾದ್ರೆ ಇಲ್ಲಿ ಮತ್ತೆ ಬೆಂಕಿ ಬರೋದಿಲ್ಲ?"

ಬರುವುದಿಲ್ಲ. ಇಲ್ಲಿ ಕೆಳಗೆ ಶಿಲಾಪಾಕವೇ ಇಲ್ಲ. ದಕ್ಷಿಣ ಭಾರತದ ಈ ಭಾಗ ತಣ್ಣಗಾಗಿ, ದಪ್ಪವಾಗಿ, ಗಟ್ಟಿಯಾಗಿ ಎಷ್ಟೋ ಕಾಲವಾಗಿದೆ. ನಮ್ಮ ದೇಶದಲ್ಲಿ ಸಕ್ರಿಯ ಜ್ವಾಲಾಮುಖಿ ಅಂತ ಇರುವುದು ಅಂಡಮಾನಿನ ಬ್ಯಾರೆನ್ ದ್ವೀಪ ಒಂದೇ. ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿಲೋಮೀಟರ್ ದೂರ, ಜನವಸತಿ ಇಲ್ಲ. ಒಂದೂವರೆ ಶತಮಾನಕ್ಕೂ ಜಾಸ್ತಿ ಸುಮ್ಮನಿದ್ದು 1991ರಲ್ಲಿ ಎದ್ದಿತು. ಅಲ್ಲಿ ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುತ್ತಿದೆ. ಜಾವಾದಲ್ಲೂ ಹಾಗೆಯೇ.

ಡ್ರೈವರ್ ಕಬ್ಬಿಣದ ಕಲ್ಲನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು. ಇನ್ನು ಮೇಲೆ ಇದನ್ನೇ ಹೇಳುತ್ತೇನೆ ಅಂದರು. ಕಡಲ ತಳದ ಕಥೆ ಬೆಂಕಿಯ ಕಥೆಗಿಂತ ಏನು ಕಮ್ಮಿ?

ಶಿಖರದ ಗದ್ದುಗೆಗೆ ಕೈಮುಗಿದು ಇಳಿಯುವಾಗ ಅವಳು ಮೆರಾಪಿಯ ಮಾತು ತೆಗೆದಳು. ಅಲ್ಲೂ ಬೆಟ್ಟ ಅಂದರೆ ಜನರಿಗೆ ಬರೀ ಕಲ್ಲಲ್ಲ. ಯೋಗ್ಯಕರ್ತದ ಸುಲ್ತಾನರ ಅರಮನೆ ಬೆಟ್ಟಕ್ಕೆ ಒಬ್ಬ ಕಾವಲುಗಾರನನ್ನು ನೇಮಿಸುತ್ತದೆ. ಪೂಜೆ, ಹರಕೆ ಎಲ್ಲ ಅವರ ಮೂಲಕ. 2010ರಲ್ಲಿ ಆ ಜಾಗದಲ್ಲಿದ್ದವರು ಮರಿಜಾನ್ ಎಂಬ ಹಿರಿಯರು. ಸೆಪ್ಟೆಂಬರಿನಿಂದ ಕಂಪನಗಳು ಹೆಚ್ಚುತ್ತಾ ಬಂದವು. ಅಕ್ಟೋಬರ್ 25ರಂದು ಎಚ್ಚರಿಕೆಯನ್ನು ಅತಿ ಮೇಲಿನ ಮಟ್ಟಕ್ಕೆ ಏರಿಸಿ ಜನರನ್ನು ಹೊರಡಿಸಿದರು. ಮರಿಜಾನ್ ಹೊರಡಲಿಲ್ಲ. 2006ರಲ್ಲೂ ಅವರು ಹೊರಟಿರಲಿಲ್ಲ, ಆಗ ಉಳಿದಿದ್ದರು. 26ರ ಸಂಜೆ ಬಿಸಿ ಬೂದಿ, ಅನಿಲದ ಮೋಡ ಅವರ ಊರಿನ ಮೇಲೆ ಇಳಿಯಿತು. ಅವರೂ, ಅಲ್ಲಿದ್ದ ಇನ್ನೂ ಹಲವರೂ ತೀರಿಕೊಂಡರು. ನವೆಂಬರ್ 5ರಂದು ಅದಕ್ಕಿಂತ ದೊಡ್ಡದಾಗಿ ಸಿಡಿಯಿತು. ಅಷ್ಟರಲ್ಲಿ ತೆರವಿನ ವ್ಯಾಪ್ತಿಯನ್ನು 20 ಕಿಲೋಮೀಟರಿಗೆ ಹಿಗ್ಗಿಸಿದ್ದರು. ಒಟ್ಟು 350ಕ್ಕೂ ಜಾಸ್ತಿ ಜನ ಸತ್ತರು. ಮುನ್ನೆಚ್ಚರಿಕೆಯಿಂದ 10,000ದಿಂದ 20,000 ಜನ ಉಳಿದರು ಅಂತ ವಿಜ್ಞಾನಿಗಳ ಅಂದಾಜು.

ಮರಿಜಾನ್ ಬಗ್ಗೆ ಹೇಳುವಾಗ ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಊರವರು ಅವರ ಮಾತು ಕೇಳುತ್ತಿದ್ದರು, ಯಂತ್ರದ ಮಾತು ಅವರ ಬಾಯಿಂದಲೇ ಬಂದಿದ್ದರೆ ಇನ್ನೂ ಜನ ಉಳಿಯುತ್ತಿದ್ದರೇನೋ ಅಂದಳು. ನನಗೂ ಹಾಗೇ ಅನ್ನಿಸಿತು. ಪಕ್ಕದ ಬಾಬಾಬುಡನ್‌ಗಿರಿಗೆ, ಸೀತಾಳಯ್ಯನಗಿರಿಗೆ ನಡೆದುಕೊಳ್ಳುವ ಜನ ನಮ್ಮಲ್ಲೂ ಎಷ್ಟಿಲ್ಲ. ಬೆಟ್ಟವನ್ನು ನಂಬಿದವರ ಜೊತೆ ಮಾತಾಡುವುದು ವಿಜ್ಞಾನಿಯ ಕೆಲಸದೊಳಗೇ ಸೇರುತ್ತದೆ.

ಸಂಜೆ ತೋಟದ ಮನೆಯ ಹಿಂದಿನ ಬಂಡೆಯ ಮೇಲೆ ಯಂತ್ರ ಇಟ್ಟೆವು. ಅರೇಬಿಕಾ ಕೊಯ್ಲು ಶುರುವಾಗಿತ್ತು. ಪರದೆಯ ಮೇಲೆ ಒಂದು ಗೆರೆ ಬಿಡದೆ ನಡುಗುತ್ತಿತ್ತು. ಅದೇ ವೇಗ, ಅದೇ ಎತ್ತರ. ನೋಡಿದರೆ ಸೆಕೆಂಡಿಗೆ ಸರಿಯಾಗಿ 24 ಸಲ. ಪಕ್ಕದ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮೋಟಾರು! ನಿಮಿಷಕ್ಕೆ 1,440 ಸುತ್ತು ಅಂದರೆ ಸೆಕೆಂಡಿಗೆ 24. ಅವರು ಸ್ವಿಚ್ ಆರಿಸಿದ ಗಳಿಗೆಯಲ್ಲಿ ಗೆರೆಯೂ ನಿಂತಿತು. ಜ್ವಾಲಾಮುಖಿಯೂ ಹೀಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡುಗುತ್ತದಂತೆ. ಅದಕ್ಕೆ ಟ್ರೆಮರ್ ಅನ್ನುತ್ತಾರೆ. ಆದರೆ ಅದರ ಕಂಪನ ಇಷ್ಟು ಚುರುಕಲ್ಲ, ಇಷ್ಟು ಕರಾರುವಾಕ್ಕೂ ಅಲ್ಲ.

ಮೂರನೇ ದಿನ: ಮಳೆ

ಬೆಳಗಿನಿಂದ ಮಳೆ. ಕೊಯ್ಲಿನ ಹೊತ್ತಿನ ಮಳೆ ಯಾರಿಗೂ ಬೇಡ. ಒಣಹಾಕಿದ್ದ ಕಾಫಿಗೆ ಟಾರ್ಪಾಲ್ ಹೊದೆಸಲು ನಾವೂ ಕೈಹಾಕಿದೆವು. ಆಮೇಲೆ ಜಗುಲಿಯಲ್ಲಿ ಕೂತು ಅಕ್ಕಿರೊಟ್ಟಿ ತಿಂದೆವು.

ಈ ಕಡೆಯವರಿಗೆ ಮಳೆ, ಮಣ್ಣು ಎರಡರ ಭಯವೂ ಹೊಸದಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಜಾರಿ ಮನೆ, ತೋಟ ಕಳೆದುಕೊಂಡವರು ಇದ್ದಾರೆ. ಆ ದಿನಗಳ ಮಾತು ಬಂತು. ಅಲ್ಲಿಂದ ಮಾತು ಆರ್ಮೆರೋ ಊರಿಗೆ ಹೋಯಿತು. ಮೂರನೇ ದಿನದಲ್ಲಿ ನನಗೆ ನೆನಪಿರುವುದು ಅದೊಂದೇ.

ಕೊಲಂಬಿಯಾದ ನೆವಾಡೋ ದೆಲ್ ರೂಯಿಸ್ ಹಿಮ ಹೊತ್ತ ಬೆಟ್ಟ. 1984ರ ಕೊನೆಯಿಂದ ಅದು ಅಲುಗಾಡುತ್ತಿತ್ತು. 1985ರ ಅಕ್ಟೋಬರಿನಲ್ಲಿ ಅಪಾಯದ ನಕ್ಷೆಯೂ ತಯಾರಾಯಿತು. ಕೆಸರು ಯಾವ ಕಣಿವೆಯಲ್ಲಿ ಇಳಿಯುತ್ತದೆ, ಯಾವ ಊರು ಅದರ ದಾರಿಯಲ್ಲಿದೆ ಎಲ್ಲ ಅದರಲ್ಲಿತ್ತು. ಆರ್ಮೆರೋ ಇತ್ತು. ನವೆಂಬರ್ 13ರ ರಾತ್ರಿ ಒಂಬತ್ತರ ಸುಮಾರಿಗೆ ಬೆಟ್ಟ ಸಿಡಿಯಿತು. ಸಿಡಿದದ್ದು ದೊಡ್ಡದೇನಲ್ಲ. ಆದರೆ ಬಿಸಿ ಬೂದಿಗೆ ಹಿಮ ಕರಗಿತು. ಕರಗಿದ ನೀರು ಮಣ್ಣು, ಕಲ್ಲು, ಮರ ಎಲ್ಲವನ್ನೂ ಎತ್ತಿಕೊಂಡು ಕಣಿವೆಯಲ್ಲಿ ಇಳಿಯಿತು. 70 ಕಿಲೋಮೀಟರಿಗೂ ಜಾಸ್ತಿ ದೂರದ ಆರ್ಮೆರೋ ತಲುಪಲು ಅದಕ್ಕೆ ಸುಮಾರು ಎರಡೂವರೆ ಗಂಟೆ ಬೇಕಾಯಿತು. ಎರಡೂವರೆ ಗಂಟೆ! ಪಕ್ಕದ ಎತ್ತರದ ಜಾಗಕ್ಕೆ ನಡೆದು ಹೋಗಲು ಅಷ್ಟು ಹೊತ್ತು ಸಾಕಿತ್ತು. ಸುದ್ದಿ ಜನರಿಗೆ ಮುಟ್ಟಲಿಲ್ಲ, ಮುಟ್ಟಿದ್ದೂ ಹೊರಡಿ ಅಂತ ಹೇಳಲಿಲ್ಲ. ಒಟ್ಟು ಸುಮಾರು 23,000 ಜನ ಸತ್ತರು.

ಜಗುಲಿಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತೋಟದ ಮನೆಯ ಯಜಮಾನರು ಕೊನೆಗೆ ಕೇಳಿದರು: "ನಕ್ಷೆ ಮಾಡಿದವರಿಗೆ ಹೇಗಾಗಿರಬೇಡ?"

ಆ ದುರಂತದ ಮರುವರ್ಷ, 1986ರಲ್ಲಿ, ಅಮೆರಿಕದ ಭೂವೈಜ್ಞಾನಿಕ ಇಲಾಖೆ ಒಂದು ತಂಡ ಕಟ್ಟಿತು. ಯಾವ ದೇಶದ ಬೆಟ್ಟ ಎದ್ದರೂ, ಅಲ್ಲಿಯವರು ಕರೆದರೆ, ಯಂತ್ರಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿ ನೆರವಾಗುವ ತಂಡ. ಅದರ ದೊಡ್ಡ ಪರೀಕ್ಷೆ ಐದು ವರ್ಷಕ್ಕೆ ಬಂತು. ಅದರ ಕಥೆಯನ್ನು ನಾಳೆ ಹೆಬ್ಬೆಯಲ್ಲಿ ಹೇಳುತ್ತೇನೆ ಅಂದಳು.

ನಾಲ್ಕನೇ ದಿನ: ಕೆಮ್ಮಣ್ಣುಗುಂಡಿ, ಹೆಬ್ಬೆ

ಮಳೆ ಬಿಟ್ಟಿತು. ಸಂತವೇರಿ, ಲಿಂಗದಹಳ್ಳಿ ಮೇಲೆ ಹೋದೆವು. ಕೆಮ್ಮಣ್ಣುಗುಂಡಿಯ ಗಣಿಗಳಿಂದ ಒಂದು ಕಾಲದಲ್ಲಿ ಕಬ್ಬಿಣದ ಅದಿರು ತೊಟ್ಟಿಲುಗಳಲ್ಲಿ ತಂತಿಯ ಮೇಲೆ ಇಳಿದು ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಮುಳ್ಳಯ್ಯನಗಿರಿಯ ಮೇಲೆ ನೋಡಿದ ಕಡಲ ತಳದ ಕಬ್ಬಿಣವೇ ಇಲ್ಲಿ ಅದಿರು.

ಹೆಬ್ಬೆಗೆ ಜೀಪು, ಆಮೇಲೆ ನಡಿಗೆ. ಹಳ್ಳ ದಾಟಬೇಕು, ಇಂಬಳ ಕೀಳಬೇಕು. ನಿನ್ನೆಯ ಮಳೆಗೆ ಜಲಪಾತ ತುಂಬಿತ್ತು.

ಇಲ್ಲಿಯ ದಾಖಲೆಗೇ ಅವಳು ಇಷ್ಟು ದೂರ ಬಂದದ್ದು. ನೀರು ಬೀಳುವ ಜಾಗದಿಂದ ದೂರದ ಒಂದು ಬಂಡೆಯ ಮೇಲೆ ಯಂತ್ರ ಇಟ್ಟಳು. ಗೆರೆ ದಪ್ಪನಾಗಿ, ಬಿಡುವಿಲ್ಲದೆ ಓಡಿತು. ಎಲ್ಲಿ ಶುರು, ಎಲ್ಲಿ ಕೊನೆ ಅಂತ ಇಲ್ಲ. ಭೂಕಂಪದಲ್ಲಿ ಮೊದಲು ತಲುಪುವ ಪಿ ಅಲೆ ಇಲ್ಲ, ಅದರ ಹಿಂದೆ ನಿಧಾನವಾಗಿ ಬರುವ ಎಸ್ ಅಲೆಯೂ ಇಲ್ಲ. ಯಂತ್ರವನ್ನು ಇನ್ನೂ ಹಿಂದಕ್ಕೆ ಒಯ್ದಂತೆ ಗೆರೆ ತೆಳುವಾಯಿತು.

"ಇದರಲ್ಲಿ ಭೂಕಂಪ ಎಣಿಸು ಅಂದ್ರೆ ಏನು ಎಣಿಸ್ತೀಯ?" ಅಂತ ಕೇಳಿದಳು.

ಎಣಿಸಲು ಆಗುವುದಿಲ್ಲ. ಸಿಡಿಯಲು ಹತ್ತಿರವಾದ ಬೆಟ್ಟದಲ್ಲೂ ಇದೇ ಕಷ್ಟ. ಮೊದಲು ಒಂದೊಂದೇ ಕಂಪನ. ಪಿ ಅಲೆ ಮುಂದೆ, ಎಸ್ ಅಲೆ ಹಿಂದೆ. ಎರಡರ ನಡುವೆ ಒಂದು ಸೆಕೆಂಡು ಇದ್ದರೆ ಬಂಡೆ ಒಡೆದದ್ದು ಸುಮಾರು 8 ಕಿಲೋಮೀಟರ್ ದೂರದಲ್ಲಿ. ಹೀಗೆ ಮೂರು ನಾಲ್ಕು ಯಂತ್ರಗಳ ಲೆಕ್ಕ ಕೂಡಿಸಿದರೆ ಜಾಗ ಸಿಗುತ್ತದೆ. ಮುಕ್ಕಾಲು ಪಾಲು ಕಂಪನಗಳು ಎಷ್ಟು ಸಣ್ಣವೆಂದರೆ ಬೆಟ್ಟದ ಮೇಲೆ ನಿಂತವರಿಗೂ ಗೊತ್ತಾಗುವುದಿಲ್ಲ. ದಿನ ಕಳೆದಂತೆ ಅವು ದಟ್ಟವಾಗುತ್ತವೆ. ಒಂದರ ಬಾಲದ ಮೇಲೆ ಇನ್ನೊಂದರ ತಲೆ. ಜೊತೆಗೆ ಟ್ರೆಮರ್. ಆಗ ಎಣಿಕೆ ಕೈಕೊಡುತ್ತದೆ.

ಇದಕ್ಕೆ ಅಮೆರಿಕದ ವಿಜ್ಞಾನಿಗಳು 1980ರ ದಶಕದಲ್ಲಿ ಒಂದು ಸರಳ ದಾರಿ ಕಂಡುಕೊಂಡರು. ಹೆಸರು ಆರ್‌ಸ್ಯಾಮ್. ಕಂಪನ ಯಾವ ಜಾತಿಯದು ಅಂತ ಕೇಳುವುದೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ನೆಲ ಸರಾಸರಿ ಎಷ್ಟು ಅಲುಗಿತು ಅಂತ ಒಂದೇ ಅಂಕಿ ಕೊಡುತ್ತದೆ. ಆ ಅಂಕಿಗಳನ್ನು ಸಾಲಾಗಿ ನೋಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಕಾಣುತ್ತದೆ. ಹೆಬ್ಬೆಯ ದಾಖಲೆಯನ್ನು ಅವಳು ಹಾಗೇ ಲೆಕ್ಕ ಹಾಕಿದಳು. ಸಪಾಟಾದ ಒಂದು ಸಾಲು ಬಂತು. ನೀರು ಒಂದೇ ಸಮನೆ ಬೀಳುತ್ತಿತ್ತು, ಅಷ್ಟೇ.

ಅಲ್ಲಿ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಪಿನಾಟುಬೋ ಕಥೆ ಹೇಳಿದಳು.

ಫಿಲಿಪ್ಪೀನ್ಸಿನ ಪಿನಾಟುಬೋ ಸುಮಾರು 500 ವರ್ಷ ಸುಮ್ಮನಿತ್ತು. ಮೈತುಂಬ ಕಾಡು, ಕಾಡಿನಲ್ಲಿ ಐಟಾ ಜನ. 1991ರ ಏಪ್ರಿಲ್ 2ರಂದು ಬೆಟ್ಟದ ಪಕ್ಕದಲ್ಲಿ ಹಬೆ ಸಿಡಿಯಿತು. ಆಗ ಅಲ್ಲಿ ಒಂದೂ ಸೀಸ್ಮೋಮೀಟರ್ ಇರಲಿಲ್ಲ. ಸುಮ್ಮನಿದ್ದ ಕಾಲದ ದಾಖಲೆಯೇ ಇಲ್ಲ. ದಿನಕ್ಕೆ ನೂರಾರು ಕಂಪನ ಕಂಡರೂ ಇದು ಈ ಬೆಟ್ಟಕ್ಕೆ ಮಾಮೂಲೋ ಅಲ್ಲವೋ ಹೇಳುವವರು ಯಾರು? ಫಿಲಿಪ್ಪೀನ್ಸಿನ ವಿಜ್ಞಾನಿಗಳು ಕೆಲವೇ ದಿನದಲ್ಲಿ ಯಂತ್ರ ನೆಟ್ಟರು. ಅಮೆರಿಕದ ಆ ತಂಡವೂ ಏಪ್ರಿಲ್ ಕೊನೆಗೆ ಬಂತು. ಹಗಲು ರಾತ್ರಿ ಗೆರೆ ನೋಡಿದರು. ಹಳೇ ಬೂದಿಯ ಪದರಗಳನ್ನು ಅಗೆದು ನೋಡಿದರು. ಈ ಬೆಟ್ಟ ಎದ್ದರೆ ಸಣ್ಣದಾಗಿ ಏಳುವುದಿಲ್ಲ ಅಂತ ಆ ಪದರಗಳು ಹೇಳಿದವು. ಗಂಧಕದ ಅನಿಲವನ್ನೂ ಅಳೆದರು. ಮೇ ತಿಂಗಳ ಎರಡು ವಾರದಲ್ಲಿ ಅದು ದಿನಕ್ಕೆ 500 ಟನ್ನಿನಿಂದ 5,000 ಟನ್ ದಾಟಿತು. ಆಮೇಲೆ ದಿಢೀರನೆ ಕುಸಿಯಿತು. ಒಳದಾರಿ ಮುಚ್ಚಿಕೊಂಡು ಒತ್ತಡ ಏರುತ್ತಿರಬಹುದು ಅಂತ ಅವರಿಗೆ ದಿಗಿಲಾಯಿತು.

ಆದರೆ ಇಷ್ಟನ್ನೂ ನಂಬಿಸುವುದು ಹೇಗೆ? ಜ್ವಾಲಾಮುಖಿ ಏನು ಮಾಡಬಲ್ಲದು ಅಂತ ತೋರಿಸುವ ಒಂದು ವಿಡಿಯೋ ಅವರ ಹತ್ತಿರ ಇತ್ತು. ಫ್ರಾನ್ಸಿನ ಜ್ವಾಲಾಮುಖಿ ವಿಜ್ಞಾನಿ ಮೋರಿಸ್ ಕ್ರಾಫ್ಟ್ ಚಿತ್ರೀಕರಿಸಿದ್ದು. ಅಧಿಕಾರಿಗಳಿಗೆ, ಸೈನ್ಯದವರಿಗೆ, ಊರವರಿಗೆ ಅದನ್ನು ತೋರಿಸಿದರು. ನೋಡಿದವರು ಎದ್ದು ಕೂತರು. ಅದೇ ಜೂನ್ 3ರಂದು ಜಪಾನಿನ ಉನ್‌ಜೆನ್ ಬೆಟ್ಟದಲ್ಲಿ ಮೋರಿಸ್, ಅವರ ಹೆಂಡತಿ ಕಾತ್ಯಾ, ಅಮೆರಿಕದ ಹ್ಯಾರಿ ಗ್ಲಿಕನ್ ಸೇರಿ 43 ಜನ ಬಿಸಿ ಬೂದಿಗೆ ಸಿಕ್ಕಿ ಸತ್ತರು. ಕ್ರಾಫ್ಟ್ ತೆಗೆದ ಚಿತ್ರಗಳು ಪಿನಾಟುಬೋ ಕೆಳಗಿನ ಜನರನ್ನು ಉಳಿಸಿದವು. ಇದನ್ನು ಕೇಳಿದಾಗ ಕೈಯಲ್ಲಿದ್ದ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಜೂನ್ 9ಕ್ಕೆ ಎಚ್ಚರಿಕೆ ಕೊನೆಯ ಮಟ್ಟಕ್ಕೆ ಏರಿತು. 10ರಂದು ಹತ್ತಿರದ ಅಮೆರಿಕನ್ ವಾಯುನೆಲೆಯಿಂದ ಸುಮಾರು 14,500 ಜನ ಹೊರಟರು. 15ರಂದು ಇಪ್ಪತ್ತನೇ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲಿ ಒಂದು ಆಯಿತು. ಅದೇ ದಿನ ಚಂಡಮಾರುತವೂ ಬಡಿಯಿತು. ನೆಂದ ಬೂದಿಯ ಭಾರಕ್ಕೆ ಸೂರು ಕುಸಿದು ನೂರಾರು ಜನ ತೀರಿಕೊಂಡರು. ಮುನ್ನೆಚ್ಚರಿಕೆಯಿಂದ ಕನಿಷ್ಠ 5,000 ಜೀವ ಉಳಿಯಿತು ಅಂತ ಆಮೇಲೆ ಲೆಕ್ಕ ಹಾಕಿದರು. ಮೊದಲ ಹಬೆಯಿಂದ ದೊಡ್ಡ ಸ್ಫೋಟಕ್ಕೆ ಹತ್ತೇ ಹತ್ತು ವಾರ. ಬೆಟ್ಟ ಅಷ್ಟಾದರೂ ಸಮಯ ಕೊಟ್ಟಿತು. ಎಲ್ಲ ಬೆಟ್ಟಗಳೂ ಕೊಡುವುದಿಲ್ಲ. ಅದಕ್ಕೇ ಮಲಗಿದ್ದಾಗಲೇ ಯಂತ್ರ ನೆಡಬೇಕು ಅನ್ನುವುದು ಅವಳ ಹಟ. ಸುಮ್ಮನಿರುವ ಬೆಟ್ಟಕ್ಕೆ ದುಡ್ಡು ಯಾಕೆ ಅಂತ ಕೇಳುವವರು ಎಲ್ಲ ದೇಶದಲ್ಲೂ ಇದ್ದಾರಂತೆ.

ಸಂಜೆಯಾಗುವ ಮೊದಲೇ ಕಾಡು ಬಿಟ್ಟು ಹೊರಬಂದೆವು.

ಐದನೇ ದಿನ: ಹೊಳೆನರಸೀಪುರ ಕಡೆ

ನೇರ ಮನೆಗೆ ಹೋಗಬಹುದಿತ್ತು. ಆದರೆ ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಹಳೇ ವಿದ್ಯಾರ್ಥಿನಿ ಇದ್ದಾಳೆ. 2022ರ ಜೂನ್ 23ರ ಬೆಳಗಿನ ಜಾವ ಆ ತಾಲ್ಲೂಕಿನಲ್ಲಿ ಕೇಂದ್ರವಿದ್ದ 3.4 ತೀವ್ರತೆಯ ಭೂಕಂಪ ಆಯಿತಲ್ಲ, ಅವಳು ಅದನ್ನು ಕಂಡವಳು. ಹಾಸನ, ಕೊಡಗು, ಮಂಡ್ಯ, ಮೈಸೂರು ಕಡೆಯೂ ಕೆಲವರಿಗೆ ಗೊತ್ತಾಗಿತ್ತು.

"ಮಂಚ ಅಲ್ಲಾಡ್ತು ಮಿಸ್. ಅಟ್ಟದ ಮೇಲಿನ ಪಾತ್ರೆ ಗಲಗಲ ಅಂದ್ವು. ಎಲ್ಲಾ ಬೀದಿಗೆ ಬಂದ್ವಿ," ಅಂದಳು. ಮರುದಿನದಿಂದ ಊರಲ್ಲಿ ನೂರೆಂಟು ಮಾತು. ಕೆಳಗೆ ಜ್ವಾಲಾಮುಖಿ ಇದೆ ಅಂತ ಕೂಡ ಯಾರೋ ಹಬ್ಬಿಸಿದರಂತೆ. ಅವಳ ಅತ್ತೆ ಅದನ್ನು ಇನ್ನೂ ನಂಬಿದ್ದರು. ನಮ್ಮ ಯಂತ್ರ ನೋಡಿದ ಕೂಡಲೇ ಕೇಳಿದರು: "ಬರೋ ಮುಂಚೆ ಇದು ಹೇಳುತ್ತಾ?"

ಅಕ್ಕನ ಮಗಳು ಅವರ ಪಕ್ಕದಲ್ಲಿ ಕೂತು ಹೇಳಿದಳು. ಇಲ್ಲಿ ಬರುವಂಥ ಭೂಕಂಪವನ್ನು ಯಾವ ಯಂತ್ರವೂ ಮೊದಲೇ ಹೇಳುವುದಿಲ್ಲ. ಹಳೇ ಬಂಡೆಯಲ್ಲಿ ಹಳೇ ಬಿರುಕುಗಳಿವೆ, ಭಾರತದ ಫಲಕ ಉತ್ತರಕ್ಕೆ ಒತ್ತುತ್ತಿದೆ, ಯಾವಾಗಲೋ ಒಂದು ಕಡೆ ಚೂರು ಜಾರುತ್ತದೆ. ಜ್ವಾಲಾಮುಖಿಯ ವಿಷಯ ಬೇರೆ. ಅಲ್ಲಿ ಏನೋ ಒಂದು ಕೆಳಗಿನಿಂದ ಮೇಲಕ್ಕೆ ದಾರಿ ಮಾಡಿಕೊಂಡು ಬರುತ್ತಿರುತ್ತದೆ. ಬರುವಾಗ ಬಂಡೆ ಒಡೆಯುತ್ತದೆ, ನೆಲ ಉಬ್ಬುತ್ತದೆ, ಅನಿಲ ಸೋರುತ್ತದೆ. ಅದನ್ನು ಹಿಂಬಾಲಿಸಬಹುದು. ಆದರೂ ಇಂಥ ದಿನವೇ ಸಿಡಿಯುತ್ತದೆ ಅಂತ ಹೇಳಲು ಆಗುವುದಿಲ್ಲ.

"ಹೇಳಿದ್ದು ಸುಳ್ಳಾದ್ರೆ ಜನ ಬೈಯೋದಿಲ್ವಾ?" ಅಂತ ಅತ್ತೆ ಕೇಳಿದರು. ಐದು ದಿನದಲ್ಲಿ ಯಾರೂ ಕೇಳದ ಒಳ್ಳೆಯ ಪ್ರಶ್ನೆ.

ಬೈಯುತ್ತಾರೆ. ಪಪುವಾ ನ್ಯೂಗಿನಿಯ ರಬೌಲ್ ಪಟ್ಟಣ ಒಂದು ಜ್ವಾಲಾಮುಖಿಯ ಬಾಯೊಳಗೇ ಕೂತಿತ್ತು. 1983ರಿಂದ ಅಲ್ಲಿ ಸಾವಿರಾರು ಕಂಪನಗಳಾದವು. ಎಚ್ಚರಿಕೆ ಕೊಟ್ಟರು, ಊರು ಬಿಡುವ ಅಭ್ಯಾಸ ಮಾಡಿಸಿದರು. ಆದರೆ ಬೆಟ್ಟ ಸಿಡಿಯಲಿಲ್ಲ, 1985ರ ಹೊತ್ತಿಗೆ ತಣ್ಣಗಾಯಿತು. ವ್ಯಾಪಾರ ಕೆಟ್ಟಿತು, ಜನ ಸಿಟ್ಟಾದರು. ಆಮೇಲೆ 1994ರ ಸೆಪ್ಟೆಂಬರ್ 18ರ ಬೆಳಗಿನ ಜಾವ ಜೋರಾಗಿ ನೆಲ ನಡುಗಿತು. ಈ ಸಲ ಜನ ಆಜ್ಞೆಗೆ ಕಾಯಲಿಲ್ಲ. ಹತ್ತು ವರ್ಷದ ಹಿಂದೆ ಕಲಿತ ದಾರಿ ಹಿಡಿದು ತಾವೇ ಹೊರಟರು. ಸುಮಾರು 27 ಗಂಟೆಯಲ್ಲಿ ಎರಡು ಕಡೆ ಬಾಯಿ ತೆರೆಯಿತು. ಬೂದಿ ಬಿದ್ದು ಪಟ್ಟಣದ ಬಹುಪಾಲು ನಾಶವಾಯಿತು. ಸತ್ತವರು ಮಾತ್ರ ಬೆರಳೆಣಿಕೆಯಷ್ಟು.

ಅತ್ತೆ ತಲೆಯಾಡಿಸಿದರು. "ಹಂಗಾದ್ರೆ ಆವತ್ತಿನ ಓಡಾಟ ದಂಡ ಆಗ್ಲಿಲ್ಲ," ಅಂದರು. ನಮಗೆ ಮಜ್ಜಿಗೆ ತಂದುಕೊಟ್ಟು, ಮನೆ ಕಟ್ಟುವಾಗ ಭೂಕಂಪಕ್ಕೆ ಏನು ಮಾಡಬೇಕು ಅಂತ ವಿಚಾರಿಸಿದರು. ಕಲ್ಲಿನ ಗೋಡೆಯ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಬರಬೇಕು, ಅಟ್ಟದ ಮೇಲೆ ಭಾರ ಇಡಬಾರದು, ಮಲಗುವ ಜಾಗದ ಮೇಲೆ ಏನೂ ತೂಗುಹಾಕಬಾರದು ಅಂತ ಹೇಳಿದಳು. ಆ ಮಾತು ಮಧ್ಯಾಹ್ನದವರೆಗೂ ನಡೆಯಿತು.

ಯಂತ್ರವನ್ನು ಅವಳು ನಮ್ಮ ಶಾಲೆಗೆ ಬಿಟ್ಟು ಹೋಗುತ್ತಿದ್ದಾಳೆ. ಪ್ರಯೋಗಾಲಯದ ನೆಲ ಮಣ್ಣು ತುಂಬಿ ಮಾಡಿದ್ದು, ಆಗುವುದಿಲ್ಲ. ಆಟದ ಮೈದಾನದ ಮೂಲೆಯಲ್ಲಿ ಒಂದು ಬಂಡೆ ನೆಲದಿಂದ ಎದ್ದಿದೆ. ಅದರ ಮೇಲೆ ಅಂಟಿಸಿದ ಹಾಗೆ ಒಂದು ಸಿಮೆಂಟ್ ಕಟ್ಟೆ, ಮಳೆ ಬೀಳದಂತೆ ಮುಚ್ಚಳ, ಕರೆಂಟಿಗೆ ಒಂದು ಪೈಪು ಬೇಕು. ಗಾರೆ ಕೆಲಸದವರು ಸೋಮವಾರ ಬರುತ್ತೇವೆ ಅಂದಿದ್ದಾರೆ. ಒಂಬತ್ತನೇ ತರಗತಿಯವರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ದಿನವೂ ಯಾವ ಹೊತ್ತಿಗೆ ಯಾವ ಗೆರೆ, ಅದು ಯಾವುದರದ್ದು ಅಂತ ಅವರೇ ಬರೆದಿಡಬೇಕು.